ಕಣ್ಣಿನ ಪೊರೆಯೂ ಶಸ್ತ್ರಕ್ರಿಯೆಯ ಕಾಲವೂ



ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬರುವದು ಕೂದಲು ನರೆಯುವಷ್ಟೇ ಸಹಜವಾದುದು. ಪಾಪೆಯ ಹಿಂದಿರುವ ಸ್ಫಟಿಕದಂಥ ಮಸೂರವು ವರುಷಗಳುರುಳಿದಂತೆ ತನ್ನ ನಿರ್ಮಲತೆಯನ್ನು ಕಳೆದುಕೊಂಡು ಮಬ್ಬಾಗುವದು. ಇದಕ್ಕೇ ಪೊರೆಯೆಂದು ಹೆಸರು. ಯಾವ ಹನಿಯೂ, ಯಾವ ಅಂಜನವೂ ಇದನ್ನು ಕರಗಿಸಲಾರದು. ಶಸ್ತ್ರಕ್ರಿಯೆಯೊಂದೇ ಉಪಾಯವು. ಆದುದರಿಂದ ವಿಚಾರಿಸತಕ್ಕ ಪ್ರಶ್ನೆಗಳು ಎರಡು: ಮಾಡಿಸಿಕೊಳ್ಳಬೇಕೆ? ಮಾಡಿಸಿಕೊಳ್ಳುವದಾದರೆ ಯಾವಾಗ?

“ಪೊರೆ ಹಣ್ಣಾಗಲಿ, ಆಮೇಲೆ ನೋಡೋಣ” ಎಂಬ ಮಾತು ಹಳ್ಳಿಹಳ್ಳಿಗಳಲ್ಲಿ ಕೇಳಬರುವದು. ಇದು ಕಾರಣವಿಲ್ಲದೆ ಹುಟ್ಟಿದ ಮಾತಲ್ಲ. ಶಲಾಕೆಯಿಂದ ಕಣ್ಣನ್ನು ವೇಧಿಸಿ ನೋಟದ ಅಡ್ಡಿಯನ್ನು ನೀಗುವ ವಿಧಾನವು ಸುಶ್ರುತಸಂಹಿತೆಯಲ್ಲಿಯೇ ಉಂಟು. 1747ರಲ್ಲಿ ಫ್ರಾನ್ಸ್ ದೇಶದ ಜಾಕ್ ದಾವಿಯೆಲ್ ಎಂಬ ವೈದ್ಯನು ಮಬ್ಬಾದ ಮಸೂರವನ್ನೇ ಹೊರತೆಗೆದನು. ಆ ಮಾರ್ಗಕ್ಕೆ ಬಲಿತ ಪೊರೆಯೇ ಅನುಕೂಲವಾಗಿದ್ದಿತು. ಮೇಲಾಗಿ ಮಸೂರ ಹೋದ ಕಣ್ಣಿಗೆ ಬಲು ದಪ್ಪನೆಯ ಕನ್ನಡಕ ಬೇಕಾಗುತ್ತಿದ್ದಿತು. ಆದುದರಿಂದ ಕಾಯುವದೇ ವಿವೇಕವಾಗಿದ್ದಿತು.

ಆದರೆ 1949ರಲ್ಲಿ ಹೆರಾಲ್ಡ್ ರಿಡ್ಲಿಯವರು ಲಂಡನ್ನಿನಲ್ಲಿ ಕೃತಕ ಮಸೂರವನ್ನು ಕಣ್ಣಿನೊಳಗಿರಿಸಿದರು. 1967ರಲ್ಲಿ ಅಮೇರಿಕದ ಚಾರ್ಲ್ಸ್ ಕೆಲ್ಮನ್ನರು, ಕಿವಿಗೆ ಕೇಳಿಸದಷ್ಟು ವೇಗದ ಕಂಪನದಿಂದ ಪೊರೆಯನ್ನು ಒಡೆದು ಹೀರಿ ತೆಗೆಯುವ ಮಾರ್ಗವನ್ನು ತೋರಿದರು. ಅಲ್ಲಿಂದ ಮುಂದೆ ಹಣ್ಣಾಗಲೆಂದು ಕಾಯುವ ಕಾರಣವು ಕ್ರಮೇಣ ಇಲ್ಲದಾಯಿತು. ಈಗ ಅತಿಯಾಗಿ ಬಲಿತು ಗಟ್ಟಿಯಾದ ಪೊರೆಯೇ ವೈದ್ಯರಿಗೆ ಕಠಿನವಾದುದು. ಅದು ಕೆಲವೊಮ್ಮೆ ಉಬ್ಬಿ, ಕಣ್ಣೊಳಗಿನ ಒತ್ತಡವನ್ನೇರಿಸಿ, ನೇತ್ರದ ನರವನ್ನು ಕೆಡಿಸುವದು. ಹಾಗೆ ಹೋದ ದೃಷ್ಟಿಯು ಮರಳಿ ಬಾರದು.

ಹಾಗೆಂದು ಅವಸರವೂ ಸಲ್ಲದು. ಪೊರೆ ಕಂಡಿತೆಂಬಷ್ಟರಿಂದಲೇ ಶಸ್ತ್ರವನ್ನು ಹಿಡಿಯಬೇಕಾಗಿಲ್ಲ. ಇದಕ್ಕೆ ಅಳತೆಗೋಲು ಅವರವರ ಕಾಯಕವೇ. ಎಳೆ ಕಡಿದುದು ಕಾಣದಾದ ಇಳಕಲ್ಲಿನ ನೇಕಾರನಿಗೆ ಅಲ್ಪ ಮಬ್ಬೂ ದೊಡ್ಡ ನಷ್ಟವು. ಅಷ್ಟೇ ಮಬ್ಬಿನಲ್ಲಿ ದನ ಮೇಯಿಸುವವನು ಇನ್ನೆರಡು ವರುಷ ಸುಖವಾಗಿ ಇರಬಹುದು. ಮೆಟ್ಟಿಲು ಕಾಣದೆ ಎಡವುವವರು ಮಾತ್ರ ತಡಮಾಡಬಾರದು. ಹುಟ್ಟುಪೊರೆಯ ಶಿಶುವಿಗಂತೂ ಈ ಕಾಲಾವಕಾಶವೇ ಇಲ್ಲ. ನೋಡಲು ಕಲಿಯುವ ಕಾಲ ಮೀರಿದರೆ ಕಣ್ಣು ತೆರೆದೂ ನೋಟ ಬಾರದು.

ಒಪ್ಪುವ ಮೊದಲು ಕೇಳತಕ್ಕುದನ್ನು ಕೇಳಬೇಕು: ನರವೂ ಅಕ್ಷಿಪಟಲವೂ ಸ್ವಸ್ಥವಾಗಿವೆಯೆ? ಅವು ಕೆಟ್ಟಿದ್ದರೆ ಪೊರೆ ತೆಗೆದರೂ ಪೂರ್ಣದೃಷ್ಟಿ ಬಾರದು. ಮಧುಮೇಹವಿದ್ದರೆ, ಮೂತ್ರದ ತೊಂದರೆಗಾಗಿ ಗುಳಿಗೆ ಸೇವಿಸುತ್ತಿದ್ದರೆ, ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಶಸ್ತ್ರಕ್ರಿಯೆಯ ತರುವಾಯ ನೋವು ಹೆಚ್ಚಿ, ಕಣ್ಣು ಕೆಂಪಾಗಿ, ನೋಟ ಕುಂದಿದರೆ ಆ ದಿನವೇ ತೋರಿಸಬೇಕು. ನಂಜು ಅಪರೂಪ, ಆದರೆ ಬಂದರೆ ಘೋರವು.

ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರುಗಳಲ್ಲಿ ಉಚಿತ ಶಿಬಿರಗಳನ್ನು ನಡೆಯಿಸಿ ಅಸಂಖ್ಯ ಬಡವರಿಗೆ ಬೆಳಕನ್ನಿತ್ತರು. ವೈದ್ಯನು ಮನೆಬಾಗಿಲಿಗೆ ಬಂದರೂ, “ಇನ್ನೆಷ್ಟು ದಿನ ಬದುಕೇನು? ಮಕ್ಕಳಿಗೇಕೆ ಖರ್ಚು?” ಎಂದು ಮೂಲೆ ಹಿಡಿಯುವ ತಾಯಂದಿರು ಅನೇಕರು. ಆ ಮಾತು ಸೊಸೆಯ ಕೈಹಿಡಿದು ಬಚ್ಚಲಿಗೆ ನಡೆಯುವ ಸಂಕೋಚದಿಂದ ಹುಟ್ಟಿದುದು. ಬೇಡವೆಂಬುದು ಅದರ ಅರ್ಥವಲ್ಲ. ಮನೆಯವರು ಕೇಳಬೇಕಾದುದು ಆಯುಷ್ಯದ ಲೆಕ್ಕವನ್ನಲ್ಲ; ಉಳಿದ ದಿನಗಳಲ್ಲಿ ಆಕೆ ಮೊಮ್ಮಗನ ಮುಖವನ್ನು ಕಾಣಬೇಕೆ, ಬೇಡವೆ ಎಂಬುದನ್ನು.