ಗಿರಕಿ ಹೊಡೆಯುವ ವಿಮಾನ, ಪಳಗಿದ ಕೈ



ಪೈಲಟ್ ಆಗಬೇಕೆಂದು ಕನಸು ಕಾಣುವ ಮಕ್ಕಳಿಗಾಗಿ ಆ ವಿದ್ಯೆಯ ಒಂದು ಪಾಠವನ್ನು ಇಂದು ಹೇಳುತ್ತೇನೆ. ಅದರ ಹೆಸರು ಸ್ಪಿನ್. ಅಂದರೆ, ವಿಮಾನ ಗಿರಕಿ ಹೊಡೆಯುತ್ತಾ ಕೆಳಗೆ ಬೀಳುವುದು.

ರೆಕ್ಕೆಯ ಮೇಲೆ ಗಾಳಿ ಸರಾಗವಾಗಿ ಹರಿಯಬೇಕು. ಮೂತಿಯನ್ನು ಅತಿಯಾಗಿ ಎತ್ತಿದರೆ ಆ ಹರಿವು ಕಳಚಿ ರೆಕ್ಕೆ ಸೋಲುತ್ತದೆ, ಇದೇ ಸ್ಟಾಲ್. ಆಗ ಮೂತಿ ಪಕ್ಕಕ್ಕೂ ತಿರುಗುತ್ತಿದ್ದರೆ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸೋತು, ವಿಮಾನ ಬುಗುರಿಯಂತೆ ಸುತ್ತತೊಡಗುತ್ತದೆ.

ನೆಲ ಎದುರಿಗೆ ಬರುವುದನ್ನು ಕಂಡವರು ಸಹಜವಾಗಿಯೇ ನಿಯಂತ್ರಣ ಕೋಲನ್ನು ತಮ್ಮತ್ತ ಎಳೆಯುತ್ತಾರೆ. ಅದರಿಂದ ರೆಕ್ಕೆ ಸೋತೇ ಇರುತ್ತದೆ. 1912ರ ಆಗಸ್ಟ್ 25ರಂದು ಇಂಗ್ಲೆಂಡಿನಲ್ಲಿ ಲೆಫ್ಟಿನೆಂಟ್ ವಿಲ್ಫ್ರೆಡ್ ಪಾರ್ಕ್ ಅವರೂ ಹೀಗೆಯೇ ಎಳೆದರು, ಫಲವಾಗಲಿಲ್ಲ. ಕೊನೆಗೆ ಸುತ್ತಿಗೆ ವಿರುದ್ಧವಾಗಿ ರಡ್ಡರ್ ಒತ್ತಿದಾಗ ಬದುಕಿಕೊಂಡರು.

ಇಂದು ಸಾಮಾನ್ಯವಾಗಿ ಕಲಿಸುವ ಕ್ರಮ ಇದು: ಎಂಜಿನ್ ಶಕ್ತಿ ತಗ್ಗಿಸಬೇಕು, ಏಲರಾನ್‌ಗಳನ್ನು ಸಮಸ್ಥಿತಿಯಲ್ಲಿಡಬೇಕು, ವಿರುದ್ಧ ರಡ್ಡರ್ ಒತ್ತಬೇಕು, ಕೋಲನ್ನು ಮುಂದಕ್ಕೆ ತಳ್ಳಬೇಕು. ಸುತ್ತು ನಿಂತ ಮೇಲೆ ರಡ್ಡರ್ ಸಡಿಲಿಸಿ, ಮೆಲ್ಲಗೆ ಮೂತಿ ಎತ್ತಬೇಕು. ಬೀಳುತ್ತಿರುವಾಗ ಕೋಲನ್ನು ಮುಂದಕ್ಕೆ ತಳ್ಳಲು ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಕೈಯನ್ನು ಮೊದಲೇ ಪಳಗಿಸಬೇಕು.

ಇದಕ್ಕೆ ಆಕ್ಷೇಪವೂ ಉಂಟು. ಅಮೆರಿಕದಲ್ಲಿ 1949ರಲ್ಲಿ ಖಾಸಗಿ ಪೈಲಟ್‌ಗಳಿಗೆ ಈ ಪಾಠ ಕಡ್ಡಾಯವಲ್ಲ ಎಂದರು; ಸ್ಟಾಲನ್ನೇ ತಪ್ಪಿಸಲು ಕಲಿಸಿದರೆ ಸಾಕೆಂಬುದು ಅವರ ವಾದ. ಇದರಲ್ಲಿ ಹುರುಳಿದೆ. ಚಿಕ್ಕ ಸೆಸ್ನಾ ವಿಮಾನ ಒಂದು ಸುತ್ತಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಸುಮಾರು 1000 ಅಡಿ ಇಳಿದಿರುತ್ತದೆ. ಇಳಿಯಲೆಂದು ರನ್‌ವೇ ಕಡೆಗೆ ತಿರುಗುವಾಗ ಅಷ್ಟು ಎತ್ತರವೇ ಇರುವುದಿಲ್ಲ.

ಹಾಗಾದರೆ ತರಬೇತಿ ವ್ಯರ್ಥವೇ? ಖಂಡಿತ ಅಲ್ಲ. ಸಾಕಷ್ಟು ಎತ್ತರದಲ್ಲಿ, ಇದಕ್ಕೆಂದೇ ಅನುಮತಿಯಿರುವ ವಿಮಾನದಲ್ಲಿ, ನುರಿತ ಗುರುವಿನ ಜೊತೆ ಸ್ಪಿನ್ ಕಂಡವರಿಗೆ ಅದರ ಮುನ್ಸೂಚನೆ ತಿಳಿದಿರುತ್ತದೆ. ಕೋಲು ಸಡಿಲವಾಗುವುದು, ವಿಮಾನ ನಡುಗುವುದು ಅವರಿಗೆ ಬೇಗ ಗೊತ್ತಾಗುತ್ತದೆ. ಗಾಬರಿಯಾಗದೆ ಅಲ್ಲಿಯೇ ತಡೆಯುತ್ತಾರೆ. ನೆಲಕ್ಕೆ ಹತ್ತಿರವಿದ್ದಾಗ ಪ್ರಾಣ ಉಳಿಸುವುದು ಈ ಅರಿವೇ.

ಅದೇ ಅಮೆರಿಕದಲ್ಲಿ ಹಾರಾಟ ಕಲಿಸುವ ಶಿಕ್ಷಕರಾಗುವವರಿಗೆ ಸ್ಪಿನ್ ತರಬೇತಿ ಇಂದಿಗೂ ಬೇಕೇ ಬೇಕು. ಶಿಷ್ಯನ ತಪ್ಪನ್ನು ಸರಿಪಡಿಸಬೇಕಾದವರಿಗೆ ಬಾಯಿಪಾಠ ಸಾಲದು. ವಿದ್ಯಾರ್ಥಿಗಳೆ, ನೀವು ಹಾರಾಟದ ಶಾಲೆ ಸೇರುವ ದಿನ ಶುಲ್ಕವನ್ನಷ್ಟೇ ವಿಚಾರಿಸಬೇಡಿ; ಸ್ಪಿನ್ ಕಲಿಸುತ್ತೀರಾ ಎಂದೂ ಕೇಳಿ.