"ಉಗುಳಲ್ಲಿ ಡೆಂಗ್ಯೂ ಗೊತ್ತಾಗ್ತದಾ, ಸಿಸ್ಟರ್?"

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿಯ ಬರಹರೂಪ)

ಪ್ರೀತಿಯ ಸಹೋದರಿಯರೇ,

ತೋಟದ ಕೆಲಸ, ಬೀಡಿ ಕೆಲಸ, ಮನೆವಾರ್ತೆ ಎಲ್ಲ ಬದಿಗಿಟ್ಟು ಮಳೆಯಲ್ಲೂ ಇಷ್ಟು ಜನ ಸೇರಿದ್ದೀರಿ. ಸಂತೋಷ.

ಕಳೆದ ತಿಂಗಳ ಸಭೆಯಲ್ಲಿ ಒಬ್ಬ ಸದಸ್ಯೆ ಎದ್ದು ನಿಂತು ಕೇಳಿದರು: "ಸಿಸ್ಟರ್, ಡೆಂಗ್ಯೂ ಪರೀಕ್ಷೆ ಉಗುಳಿನಲ್ಲೇ ಮಾಡ್ಬಹುದಂತೆ, ಮೊಬೈಲಲ್ಲಿ ಬಂದಿತ್ತು. ಮತ್ತೆ ಮಕ್ಕಳಿಗೆ ಸೂಜಿ ಯಾಕೆ ಚುಚ್ಚಿಸ್ಬೇಕು?" ಕೆಲವರು ನಕ್ಕರು. ನಗುವಂಥ ಪ್ರಶ್ನೆ ಅದಲ್ಲ. ಸೂಜಿಯ ಭಯದಿಂದ ಏನಾಗ್ತದೆ ಅಂತ ನಾವು ಕಣ್ಣಾರೆ ಕಂಡಿದ್ದೇವೆ.

ಹಿಂದೊಂದು ಮಳೆಗಾಲ. ನಮ್ಮ ಒಂದು ಸಂಘದ ಸದಸ್ಯೆಯ ಮಗನಿಗೆ ಜ್ವರ. ಮೂರನೇ ಕ್ಲಾಸಿನ ಹುಡುಗ. "ರಕ್ತ ತೆಗೀತಾರೆ, ಮಗು ಮೊದಲೇ ಸೊರಗಿದೆ" ಅಂತ ಅಜ್ಜಿ ಆಸ್ಪತ್ರೆಗೆ ಕಳಿಸಲಿಲ್ಲ. ತಾಯಿ ನಮಗೆ ಫೋನ್ ಮಾಡಿ ಕೇಳಿದರು. ನಾವೂ "ಎರಡು ದಿನ ನೋಡಿ" ಅಂದುಬಿಟ್ಟೆವು. ನಾಲ್ಕನೇ ದಿನ ಜ್ವರ ಬಿಟ್ಟಿತು, ಮನೆಯವರಿಗೆಲ್ಲ ಸಮಾಧಾನ. ಅದೇ ರಾತ್ರಿ ಹೊಟ್ಟೆನೋವು, ಬಿಡದೆ ವಾಂತಿ, ಕೈಕಾಲು ತಣ್ಣಗೆ. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಜ್ವರ ಬಂದು ಎಷ್ಟು ದಿನ ಆಯ್ತು?" ತಾಯಿ ಮೂರು ಅಂದರು, ಅಜ್ಜಿ ಐದು ಅಂದರು. ದೇವರ ದಯೆ, ಹುಡುಗ ಬದುಕಿದ. ಆದರೆ "ಎರಡು ದಿನ ನೋಡಿ" ಅಂದ ಆ ಮಾತು ನಮ್ಮನ್ನು ಇವತ್ತಿಗೂ ಚುಚ್ಚುತ್ತದೆ. ಆದ್ದರಿಂದ ಆ ಸದಸ್ಯೆಯ ಪ್ರಶ್ನೆಗೆ ಇವತ್ತು ಸರಿಯಾಗಿ ಉತ್ತರ ಕೊಡೋಣ.

ಮೊದಲನೆಯದಾಗಿ, ಆ ಸುದ್ದಿ ಪೂರ್ತಿ ಸುಳ್ಳಲ್ಲ. ಸೂಜಿ ಚುಚ್ಚದೆ ಮಾಡುವ ಪರೀಕ್ಷೆ ನಮಗೆ ಹೊಸತೂ ಅಲ್ಲ. ಗರ್ಭಿಣಿಯೋ ಅಂತ ನೋಡಲು ಆಶಾ ಕಾರ್ಯಕರ್ತೆ ಕೊಡುವ ಕಾರ್ಡಿಗೆ ನಾಲ್ಕು ಹನಿ ಮೂತ್ರ ಸಾಕು. ಕ್ಷಯಕ್ಕೆ ಕಫ ಕೊಡ್ತೇವೆ. ಕೊರೋನಾ ಕಾಲದಲ್ಲಿ ಮೂಗು, ಗಂಟಲಿನಿಂದ ಕಡ್ಡಿಯಲ್ಲಿ ದ್ರವ ತೆಗೆದದ್ದು ಯಾರೂ ಮರೆತಿಲ್ಲ.

ಸೊಳ್ಳೆಯಿಂದ ಬರುವ ವೈರಸ್ ಜ್ವರಗಳಲ್ಲೂ ಇದು ಸಾಧ್ಯವೋ ಅಂತ ವಿಜ್ಞಾನಿಗಳು ಹುಡುಕುತ್ತಾ ಬಂದಿದ್ದಾರೆ. ಡೆಂಗ್ಯೂ, ಚಿಕೂನ್‌ಗುನ್ಯ, ಝೀಕಾ ಮೂರನ್ನೂ ಹರಡುವುದು ಈಡಿಸ್ ಸೊಳ್ಳೆ. ಕಾಲಿನ ಮೇಲೆ ಬಿಳಿ ಪಟ್ಟೆ ಇರುವ, ಹಗಲಲ್ಲೇ ಕಚ್ಚುವ ಸೊಳ್ಳೆ ಅದು. ಅದು ಕಚ್ಚಿದಾಗ ವೈರಸ್ ಮೈಯೊಳಗೆ ಹೋಗಿ ರಕ್ತದಲ್ಲಿ ಹೆಚ್ಚುತ್ತದೆ. ಸ್ವಲ್ಪ ಅಂಶ ಉಗುಳಿಗೂ ಮೂತ್ರಕ್ಕೂ ಬರ್ತದೆ.

ಝೀಕಾದಲ್ಲಿ ಇದರಿಂದ ನಿಜವಾಗಿ ಉಪಯೋಗ ಆಗಿದೆ. 2013-14ರಲ್ಲಿ ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಶಿಯಾ ದ್ವೀಪಗಳಲ್ಲಿ ಝೀಕಾ ಹಬ್ಬಿದಾಗ ರೋಗಿಗಳ ರಕ್ತ, ಉಗುಳು ಎರಡನ್ನೂ ಪರೀಕ್ಷಿಸಿದರು. ರಕ್ತದಲ್ಲಿ ಸಿಗದ ವೈರಸ್ ಕೆಲವರ ಉಗುಳಿನಲ್ಲಿ ಸಿಕ್ಕಿತು. ಇನ್ನು ಕೆಲವರಲ್ಲಿ ಉಗುಳಿನಲ್ಲಿ ಇಲ್ಲದ್ದು ರಕ್ತದಲ್ಲಿ ಸಿಕ್ಕಿತು. ಮೂತ್ರದಲ್ಲಿ ಈ ವೈರಸ್ ರಕ್ತಕ್ಕಿಂತ ಹೆಚ್ಚು ದಿನ ಉಳಿಯುತ್ತದೆ ಅಂತಲೂ ಗೊತ್ತಾಯಿತು. ಬ್ರೆಜಿಲ್‌ನಲ್ಲಿ ಝೀಕಾ ಬಂದ ಗರ್ಭಿಣಿಯರ ಶಿಶುಗಳು ಸಣ್ಣ ತಲೆಯೊಂದಿಗೆ ಹುಟ್ಟಿದ್ದನ್ನು ಕಂಡು 2016ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಘೋಷಿಸಿತು. ಅದೇ ವರ್ಷ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ರೋಗ ಶುರುವಾಗಿ 14 ದಿನದೊಳಗೆ ರಕ್ತದ ಜೊತೆ ಮೂತ್ರವನ್ನೂ ಪರೀಕ್ಷಿಸಲು ಸೂಚನೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಮೊದಲ ಝೀಕಾ ಪ್ರಕರಣ 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಿಂದ ವರದಿಯಾಯಿತು. ಆದ್ದರಿಂದ ಗರ್ಭಿಣಿಗೆ ಜ್ವರ, ಮೈಮೇಲೆ ಕೆಂಪು ಗುಳ್ಳೆ ಬಂದು ಡಾಕ್ಟರು ಮೂತ್ರವನ್ನೂ ಕೇಳಿದರೆ ನಾಚಿಕೆ ಬೇಡ, ಕೊಡಿ.

ಈಗ ಡೆಂಗ್ಯೂ ವಿಷಯ. ಉಗುಳಿನಲ್ಲೂ ಮೂತ್ರದಲ್ಲೂ ಡೆಂಗ್ಯೂ ವೈರಸ್ಸಿನ ಅಂಶ ಸಿಕ್ಕಿದೆ. ಆದರೆ ಅದು ರಕ್ತದಲ್ಲಿ ಇರುವಷ್ಟು ಇರುವುದಿಲ್ಲ. ಹಾಗಾಗಿ ಡೆಂಗ್ಯೂ ಇದ್ದರೂ ಪರೀಕ್ಷೆ "ಇಲ್ಲ" ಅನ್ನಬಹುದು. ನಮಗೆ ಗೊತ್ತಿರುವ ಸಂಗತಿಯೇ ಇದು: ಗರ್ಭದ ಕಾರ್ಡನ್ನು ತೀರಾ ಬೇಗ ನೋಡಿದರೆ ಒಂದೇ ಗೆರೆ ಬರ್ತದೆ, ಆದರೆ ಮಗು ಹೊಟ್ಟೆಯಲ್ಲಿ ಉಂಟು! ಅಲ್ಲಿ ಒಂದು ವಾರ ಕಾದು ಮತ್ತೆ ನೋಡಬಹುದು. ಡೆಂಗ್ಯೂನಲ್ಲಿ ಒಂದು ವಾರ ಕಾದರೆ ಜೀವಕ್ಕೇ ಅಪಾಯ. ಅದಕ್ಕೇ ಇವತ್ತಿಗೂ ಡೆಂಗ್ಯೂವನ್ನು ಖಚಿತ ಮಾಡಲು ರಕ್ತವೇ ಬೇಕು.

ಆ ರಕ್ತ ಎಷ್ಟು? ಸುಮಾರು ಎರಡು-ಮೂರು ಮಿಲಿ, ಒಂದು ಟೀ ಚಮಚವೂ ತುಂಬುವುದಿಲ್ಲ. 20 ಕಿಲೋ ತೂಕದ ಮಗುವಿನ ಮೈಯಲ್ಲಿ ಸುಮಾರು ಒಂದೂವರೆ ಲೀಟರ್ ರಕ್ತ ಇರ್ತದೆ. ಅಜ್ಜಿಯಂದಿರಿಗೆ ಈ ಲೆಕ್ಕ ಹೇಳಿ.

ಯಾವ ದಿನ ಯಾವ ಪರೀಕ್ಷೆ ಅನ್ನುವುದೂ ಮುಖ್ಯ. ಜ್ವರ ಬಂದ ಮೊದಲ ಐದು ದಿನ ಎನ್‌ಎಸ್1 ಪರೀಕ್ಷೆ, ಅದು ವೈರಸ್ಸಿನ ಅಂಶವನ್ನೇ ಹುಡುಕುತ್ತದೆ. ಐದು ದಿನದ ನಂತರ ಐಜಿಎಂ ಪರೀಕ್ಷೆ, ಅದು ವೈರಸ್ ವಿರುದ್ಧ ಹೋರಾಡಲು ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ದಿನ ತಪ್ಪಿ ಹೇಳಿದರೆ ಪರೀಕ್ಷೆಯೂ ತಪ್ಪಬಹುದು. ತಾಯಿ ಮೂರು, ಅಜ್ಜಿ ಐದು ಅಂದಾಗ ಡಾಕ್ಟರಿಗೆ ಆದ ಕಷ್ಟ ಅದೇ. ಬೇಗ ಫಲಿತಾಂಶ ಕೊಡುವ ಕಾರ್ಡ್ ಟೆಸ್ಟ್ ಒಂದನ್ನೇ ನಂಬಬೇಡಿ, ಎಲೈಸಾ ಪರೀಕ್ಷೆ ಕೇಳಿ. ಸರ್ಕಾರ ಗುರುತಿಸಿದ ಆಸ್ಪತ್ರೆಗಳಲ್ಲಿ ಇದು ಉಚಿತ. ಖಾಸಗಿಯಲ್ಲಿ ಮನಬಂದಂತೆ ಹಣ ಕೇಳಬಾರದು ಅಂತ 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಎನ್‌ಎಸ್1 ಎಲೈಸಾಗೆ 300, ಐಜಿಎಂ ಎಲೈಸಾಗೆ 300 ರೂಪಾಯಿ ಮಿತಿ ಹಾಕಿತು. ಲ್ಯಾಬಿನಲ್ಲಿ ದರ ಕೇಳಲು, ರಸೀದಿ ಪಡೆಯಲು ಹಿಂಜರಿಯಬೇಡಿ. ಬ್ಯಾಂಕಿನಲ್ಲಿ ಮಾತಾಡಲು ಕಲಿತ ನಿಮಗೆ ಲ್ಯಾಬಿನಲ್ಲಿ ಮಾತಾಡುವುದು ದೊಡ್ಡದಲ್ಲ.

ಇನ್ನೊಂದು ಮಾತು. ವರದಿ ಬರಲಿ ಅಂತ ಆರೈಕೆ ನಿಲ್ಲಿಸಬೇಡಿ. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಆಗಾಗ ಕುಡಿಸಿ. ಜ್ವರಕ್ಕೆ ಡಾಕ್ಟರು ಹೇಳಿದಷ್ಟು ಪ್ಯಾರಾಸಿಟಮಾಲ್ ಮಾತ್ರ. ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವುಗಳಿಂದ ರಕ್ತಸ್ರಾವ ಆಗಬಹುದು. ಜ್ವರ ಬಿಟ್ಟ ಹೊತ್ತೇ ಹೆಚ್ಚು ಎಚ್ಚರ ಬೇಕಾದ ಹೊತ್ತು. ತಡೆಯಲಾರದ ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು-ವಸಡಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವ ತನಕ ಕಾಯಬೇಡಿ. ವರದಿಯಲ್ಲಿ "ಇಲ್ಲ" ಅಂತ ಬಂದಿದ್ದರೂ ಕಾಯಬೇಡಿ.

ಇವತ್ತು ಪ್ರತಿಯೊಂದು ಸಂಘವೂ ನಿರ್ಣಯ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯೋಣ:

1. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಆ ದಿನವೇ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ.

2. ಜ್ವರದ ಎರಡನೇ ದಿನದೊಳಗೆ ಆರೋಗ್ಯ ಕೇಂದ್ರಕ್ಕೆ ಹೋಗುತ್ತೇವೆ. ಒಬ್ಬಳೇ ಹೋಗಲು ಆಗದಿದ್ದರೆ ಸಂಘದ ಇನ್ನೊಬ್ಬ ಸದಸ್ಯೆ ಜೊತೆಗೆ ಹೋಗುತ್ತಾಳೆ.

3. ಪರೀಕ್ಷೆ, ವಾಹನ ಖರ್ಚಿಗೆ ಬೇಕಾದರೆ ಮುಂದಿನ ಸಭೆಗೆ ಕಾಯದೆ ಅದೇ ದಿನ ತುರ್ತು ಸಾಲ ಕೊಡುತ್ತೇವೆ.

4. ವಾರಕ್ಕೊಮ್ಮೆ ಡ್ರಮ್, ಬಕೆಟ್ ಉಜ್ಜಿ ಒಣಗಿಸುತ್ತೇವೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಚಿಪ್ಪು, ತೆಂಗಿನ ಗೆರಟೆ ಕವುಚಿ ಹಾಕುತ್ತೇವೆ.

ಮುಂದೊಂದು ದಿನ ಉಗುಳಿನ ಪರೀಕ್ಷೆ ನಮ್ಮ ಊರಿಗೂ ಬಂದರೆ ಎಲ್ಲರಿಗಿಂತ ಹೆಚ್ಚು ಖುಷಿ ಪಡುವವರು ನಾವೇ. ರಕ್ತನಾಳ ಸಿಗದೆ ಎರಡೆರಡು ಸಲ ಚುಚ್ಚಿಸಿಕೊಂಡು ಅಳುವ ಮಕ್ಕಳನ್ನು ಮಡಿಲಲ್ಲಿ ಹಿಡಿದು ಕೂತವರು ನಾವು. ಆದರೆ ಆ ದಿನಕ್ಕೆ ಕಾಯುತ್ತಾ ಈ ದಿನದ ಜ್ವರವನ್ನು ಬಿಡುವುದು ಬೇಡ. ಮಗು ಸೂಜಿಗೆ ಅತ್ತರೆ ಐದು ನಿಮಿಷದಲ್ಲಿ ಮರೆಯುತ್ತದೆ.

ಕಳೆದ ತಿಂಗಳು ಪ್ರಶ್ನೆ ಕೇಳಿದ ಆ ಸಹೋದರಿಗೆ ಕೃತಜ್ಞತೆಗಳು. ಗೊತ್ತಿಲ್ಲದ್ದನ್ನು ಹೀಗೆಯೇ ಕೇಳುತ್ತಿರಿ. "ಎರಡು ದಿನ ನೋಡಿ" ಅಂತ ನಾವು ಇನ್ನು ಹೇಳುವುದಿಲ್ಲ, ನೀವೂ ಹೇಳಬೇಡಿ. ದೇವರು ನಿಮ್ಮೆಲ್ಲರ ಮನೆಗಳನ್ನೂ ಮಕ್ಕಳನ್ನೂ ಕಾಪಾಡಲಿ.