ಯುದ್ಧದ ಸಿನಿಮಾ: ಚಿತ್ರ ತಿಳಿಯಾಗಿದ್ದರೆ ಸಾಲದು, ಸಾಚಾ ಆಗಿರಬೇಕು

(ಎಮ್ಮಿಗನೂರಿನಲ್ಲಿ ಸಿನಿಮಾ ಆಸಕ್ತರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಮನೆಗೆ ಹೊಸ ಟಿ.ವಿ. ತಂದವರು ಬಂದವರಿಗೆಲ್ಲ ಹೇಳುವ ಮಾತು ಒಂದೇ: ‘ನೋಡ್ರಿ, ಪಿಕ್ಚರ್ ಎಷ್ಟು ಕ್ಲಿಯರ್ ಐತಿ!’ ಆದರೆ ಕ್ಲಿಯರ್ ಎಂದರೇನು? ಮುಖದ ಮೇಲೆ ಒಂದು ಸುಕ್ಕೂ ಕಾಣದಿರುವುದೇ? ಬಣ್ಣ ಕಣ್ಣಿಗೆ ರಾಚುವುದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಯುದ್ಧದ ಸಿನಿಮಾಕ್ಕಿಂತ ಒಳ್ಳೆಯ ಒರೆಗಲ್ಲು ಇನ್ನೊಂದಿಲ್ಲ. ಹೊಗೆ, ಧೂಳು, ಬೆಂಕಿ, ಕತ್ತಲು, ಓಡುವ ಸಾವಿರಾರು ಕಾಲುಗಳು ಎಲ್ಲವೂ ಅಲ್ಲಿ ಒಟ್ಟಿಗೇ ಬರುತ್ತವೆ. ಡಿಸ್ಕಿನ ದೋಷವಾಗಲಿ, ಟಿ.ವಿ.ಯ ದೋಷವಾಗಲಿ ಅಲ್ಲಿ ಅಡಗಿ ಕೂರಲು ಸಾಧ್ಯವಿಲ್ಲ.

ಈ ಮಾತನ್ನು ಈ ಊರಿನಲ್ಲಿ ಆಡುವುದಕ್ಕೆ ಕಾರಣವೂ ಇದೆ. ಎಮ್ಮಿಗನೂರು ಇರುವುದು ಕಂಪ್ಲಿ ತಾಲ್ಲೂಕಿನಲ್ಲಿ. ಕಂಪಿಲರಾಯನ ಮಗ ಕುಮಾರರಾಮ ದೆಹಲಿಯ ತುಘಲಕ್ ಸೈನ್ಯದೊಡನೆ ಕಾದಾಡಿದ ಸೀಮೆ ಇದು. ಹದಿನಾಲ್ಕನೇ ಶತಮಾನದ ಆ ಕಾಳಗವನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ, ಜನಪದರು ತಮ್ಮ ಹಾಡುಗಳಲ್ಲಿ ಉಳಿಸಿಕೊಂಡರು. 2006ರಲ್ಲಿ ಅದು ಸಿನಿಮಾವೂ ಆಯಿತು. ಎಚ್.ಆರ್. ಭಾರ್ಗವ ನಿರ್ದೇಶಿಸಿದ ‘ಗಂಡುಗಲಿ ಕುಮಾರರಾಮ’ದಲ್ಲಿ ಶಿವರಾಜಕುಮಾರ್ ನಾಯಕ. ಹಂಪಿಯ ದೊರೆಯ ಕಥೆಯನ್ನು ಬಿ.ಆರ್. ಪಂತುಲು 1970ರಲ್ಲೇ ‘ಶ್ರೀ ಕೃಷ್ಣದೇವರಾಯ’ ಎಂಬ ವರ್ಣಚಿತ್ರವಾಗಿಸಿದ್ದರು. ರಾಜಕುಮಾರ್ ಕೃಷ್ಣದೇವರಾಯರಾದರೆ ತಿಮ್ಮರಸು ಆಗಿ ನಟಿಸಿದವರು ಸ್ವತಃ ಪಂತುಲು. ಅಂದರೆ ನಮ್ಮ ನೆಲದ ಕಾಳಗಗಳು ತೆರೆಯ ಮೇಲಿವೆ. ಅವು ನಮ್ಮ ಮನೆಗೆ ಯಾವ ರೂಪದಲ್ಲಿ ಬಂದಿವೆ ಎಂಬುದೇ ಪ್ರಶ್ನೆ.

ಒಂದು ಲಕ್ಷದಿಂದ ಎಂಬತ್ತಮೂರು ಲಕ್ಷಕ್ಕೆ

ಮೊದಲು ಲೆಕ್ಕ ನೋಡೋಣ. ನಮ್ಮಲ್ಲಿ ಸಿನಿಮಾ ಮನೆಗೆ ಬಂದದ್ದು ವಿಡಿಯೊ ಕ್ಯಾಸೆಟ್ಟಿನಲ್ಲಿ. ಹಬ್ಬಕ್ಕೆ, ಜಾತ್ರೆಗೆ ವಿಸಿಪಿ ಬಾಡಿಗೆಗೆ ತಂದು, ಬೆಳಗಿನ ತನಕ ಮೂರು ಮೂರು ಸಿನಿಮಾ ನೋಡಿದ ತಲೆಮಾರು ಇಲ್ಲೇ ಕುಳಿತಿದೆ. ಆಮೇಲೆ ಬಂದದ್ದು ವಿಸಿಡಿ. ಅದರ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ. ಒಟ್ಟು ಸುಮಾರು ಒಂದು ಲಕ್ಷ ಚುಕ್ಕೆ. ಡಿವಿಡಿಯಲ್ಲಿ ಇದು 720ಕ್ಕೆ 576, ಅಂದರೆ ನಾಲ್ಕು ಲಕ್ಷಕ್ಕೂ ಮಿಕ್ಕು. 2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇ ಡಿಸ್ಕಿನಲ್ಲಿ 1920ಕ್ಕೆ 1080, ಅಂದರೆ ಇಪ್ಪತ್ತು ಲಕ್ಷದ ಮೇಲೆ. 2016ರಿಂದ ಸಿಗುತ್ತಿರುವ 4ಕೆ ಡಿಸ್ಕಿನಲ್ಲಿ ಎಂಬತ್ತೆರಡು-ಎಂಬತ್ತಮೂರು ಲಕ್ಷ.

ಚುಕ್ಕೆ ಹೆಚ್ಚಿದಷ್ಟೂ ಚಿತ್ರ ಚೆನ್ನಾಗಿರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಅದು ಅರ್ಧ ಸತ್ಯ. ಉಳಿದರ್ಧ ಇರುವುದು ಆ ಚುಕ್ಕೆಗಳನ್ನು ತುಂಬಿಸುವ ಮಾಹಿತಿಯಲ್ಲಿ. ಕೊಡ ದೊಡ್ಡದಾದರೆ ಸಾಲದು, ಅದರೊಳಗೆ ನೀರೂ ಇರಬೇಕಷ್ಟೆ.

ಡಿಜಿಟಲ್ ವಿಡಿಯೊ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಹಿಂದಿನ ಚಿತ್ರಕ್ಕೂ ಈ ಚಿತ್ರಕ್ಕೂ ಏನು ವ್ಯತ್ಯಾಸ ಎಂಬುದನ್ನು ಬರೆದುಕೊಂಡು ಜಾಗ ಉಳಿಸುತ್ತದೆ. ಇಬ್ಬರು ಕಟ್ಟೆಯ ಮೇಲೆ ಕುಳಿತು ಮಾತನಾಡುವ ದೃಶ್ಯದಲ್ಲಿ ತುಟಿ, ಕಣ್ಣು, ಕೈ ಬಿಟ್ಟರೆ ಮಿಕ್ಕದ್ದೆಲ್ಲ ಇದ್ದಲ್ಲೇ ಇರುತ್ತದೆ. ಈ ಉಳಿತಾಯ ಸಲೀಸು. ಕುದುರೆ ದಂಡು ಧೂಳೆಬ್ಬಿಸಿ ನುಗ್ಗುವಾಗ ಹಾಗಲ್ಲ. ಧೂಳಿನ ಕಣಕಣವೂ ಕ್ಷಣಕ್ಷಣಕ್ಕೆ ಜಾಗ ಬದಲಿಸುತ್ತದೆ, ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ಆಗ ಯಂತ್ರ ಸೋತು ಚಿತ್ರವನ್ನು ಚೌಕ ಚೌಕವಾಗಿ ಒಡೆದು ತೋರಿಸುತ್ತದೆ. ವಿಸಿಡಿಯಲ್ಲಿ ಕಾಳಗದ ದೃಶ್ಯ ಬಂದ ಕೂಡಲೇ ಪರದೆ ಚಾಪೆಯ ಹೆಣಿಗೆಯಂತೆ ಆಗುತ್ತಿತ್ತಲ್ಲ, ಅದರ ಕಾರಣ ಇದೇ. ವಿಸಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಸಿಗುತ್ತಿದ್ದ ಮಾಹಿತಿ ಸುಮಾರು 1.15 ಮೆಗಾಬಿಟ್. ಡಿವಿಡಿಯಲ್ಲಿ ಅದರ ಮಿತಿ 9.8. ಬ್ಲೂ-ರೇಯಲ್ಲಿ 40.

ಈಗ ಬಹುಪಾಲು ಜನ ನೋಡುವುದು ಮೊಬೈಲಿನಲ್ಲಿ, ಇಲ್ಲವೇ ಇಂಟರ್‌ನೆಟ್ಟಿನಿಂದ ಟಿ.ವಿ.ಗೆ ಹರಿದು ಬರುವ ಸಿನಿಮಾ. ಅಲ್ಲಿ ‘ಎಚ್.ಡಿ.’ ಎಂದು ಬರೆದಿರುತ್ತದೆ, ಚುಕ್ಕೆಯ ಲೆಕ್ಕವೂ ಸರಿಯಿರುತ್ತದೆ. ಆದರೆ ಸೆಕೆಂಡಿಗೆ ಬರುವ ಮಾಹಿತಿ ಡಿಸ್ಕಿನದಕ್ಕಿಂತ ಬಹಳ ಕಡಿಮೆ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ರಾತ್ರಿ ಕಾಳಗದ ಕಂತು ಬಂದಾಗ ‘ಕತ್ತಲಲ್ಲಿ ಏನೂ ಕಾಣಲಿಲ್ಲ’ ಎಂದು ಲೋಕದ ತುಂಬ ಕೂಗೆದ್ದಿತು. ಬೇಕೆಂದೇ ಕತ್ತಲಾಗಿ ಚಿತ್ರೀಕರಿಸಿದ ಕಂತು ಅದು. ತೆಳು ಮಾಹಿತಿಯಲ್ಲಿ ಹರಿದು ಬಂದಾಗ ಆ ಕತ್ತಲೆಯೊಳಗಿನ ಸೂಕ್ಷ್ಮ ಛಾಯೆಗಳು ಕೆಸರಿನಂತೆ ಕಲಸಿಹೋಗುತ್ತವೆ. ನಮ್ಮ ಕಡೆಯ ತೊಗಲುಗೊಂಬೆ ಆಟ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಪರದೆಯ ಹಿಂದಿನ ದೀಪ ಮಂಕಾದರೆ ರಾಮ-ರಾವಣರ ಯುದ್ಧದಲ್ಲಿ ಯಾವ ತಲೆ ಯಾರದೋ! ಕತ್ತಲು ಕತ್ತಲಾಗಿಯೇ ಇರಬೇಕು, ಅದರೊಳಗಿನ ಗೆರೆಯೂ ಕಾಣಬೇಕು. ಒಳ್ಳೆಯ ಚಿತ್ರದ ಮೊದಲ ಪರೀಕ್ಷೆ ಇದು.

ಮೇಣದ ಸೇನಾಪತಿ

ಎರಡನೆಯದು ಸಿನಿಮಾ ರೀಲಿನ ಕಣದ ಮಾತು. ಹಳೆಯ ಸಿನಿಮಾಗಳನ್ನು ದೊಡ್ಡ ಪರದೆಯಲ್ಲಿ ನೋಡಿದರೆ ಸಣ್ಣ ಮರಳು ಕುದಿಯುತ್ತಿರುವಂತೆ ಕಾಣುತ್ತದೆ. ಇದು ಕೊಳೆಯಲ್ಲ. ರೀಲಿನ ಮೇಲಿದ್ದ ಬೆಳ್ಳಿಯ ಸಂಯುಕ್ತದ ಹರಳುಗಳು ಬೆಳಕು ಕುಡಿದು ಚಿತ್ರ ಮೂಡಿಸಿದ ಗುರುತು. ಚಿತ್ರ ಇರುವುದೇ ಆ ಕಣಗಳಲ್ಲಿ. ಆದರೆ ಹೊಸ ಟಿ.ವಿ. ಕೊಂಡವರಿಗೆ ಇದು ಹಿಡಿಸದು ಎಂದು ಕೆಲವು ಕಂಪನಿಗಳು ಕಂಪ್ಯೂಟರಿನಿಂದ ಅದನ್ನು ಉಜ್ಜಿ ತೆಗೆದುಬಿಟ್ಟವು.

ಇದಕ್ಕೆ ಹೆಸರಾದ ಉದಾಹರಣೆ ‘ಪ್ಯಾಟನ್’. ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾಪತಿಯ ಕಥೆ, 1970ರ ಚಿತ್ರ, ಏಳು ಆಸ್ಕರ್ ಪಡೆದದ್ದು. ಮಾಮೂಲಿ 35 ಮಿಲಿಮೀಟರ್ ಬಿಟ್ಟು 65 ಮಿಲಿಮೀಟರ್ ಅಗಲದ ನೆಗೆಟಿವ್‌ನಲ್ಲಿ ಚಿತ್ರೀಕರಿಸಿದ್ದರಿಂದ ಅದರ ವಿವರ ಅಪಾರ. 2008ರಲ್ಲಿ ಬಂದ ಅದರ ಬ್ಲೂ-ರೇ ಮೊದಲ ನೋಟಕ್ಕೆ ಫಳಫಳ ಹೊಳೆಯುತ್ತಿತ್ತು. ಕಣ್ಣಿಟ್ಟು ನೋಡಿದವರಿಗೆ ಸೇನಾಪತಿಯ ಮುಖ ಮೇಣದ ಗೊಂಬೆಯಂತೆ ಕಂಡಿತು. ಚರ್ಮದ ರಂಧ್ರ, ಉಡುಪಿನ ನೇಯ್ಗೆ ಎಲ್ಲ ಕಣದ ಜತೆಗೇ ತೊಳೆದುಹೋಗಿದ್ದವು. ನೋಡುಗರ ಟೀಕೆ ಎಷ್ಟಿತ್ತೆಂದರೆ 2012ರಲ್ಲಿ ಹೊಸದಾಗಿ ಸಿದ್ಧಪಡಿಸಿದ ಡಿಸ್ಕ್ ಹೊರಬಂತು. ಅದರಲ್ಲಿ ಕಣವೂ ಇತ್ತು, ಮನುಷ್ಯನ ಮುಖವೂ ಇತ್ತು.

ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಯನ್ನು ನೆನೆಸಿಕೊಳ್ಳಿ. ಸಾಲು ಸಾಲು ಆನೆ, ಕುದುರೆ, ಕಾಲಾಳುಗಳ ಮೆರವಣಿಗೆ ಅಲ್ಲಿದೆ. ಕಲ್ಲು ಒರಟಾಗಿದೆ, ಚೆನ್ನಾಗಿ ಕಾಣಲಿ ಎಂದು ಯಾರಾದರೂ ಅದನ್ನು ಯಂತ್ರದಿಂದ ತಿಕ್ಕಿ ನುಣುಪು ಮಾಡಿದರೆ ಏನಾದೀತು? ಗೋಡೆ ಕನ್ನಡಿಯಂತಾದೀತು, ಕುದುರೆಯ ಲಗಾಮು ಮಾತ್ರ ಇರಲಾರದು. ಸಿನಿಮಾದ ಕಣ ಆ ಉಳಿಯ ಗುರುತಿನ ಹಾಗೆ.

ಮಾಸಿದ ಬಣ್ಣ: ಬೇಕೆಂದೇ ಆದದ್ದು, ಕಾಲದಿಂದ ಆದದ್ದು

ಹಾಗಾದರೆ ಒರಟಾಗಿ, ಮಾಸಿದಂತೆ ಕಾಣುವುದೆಲ್ಲ ಒಳ್ಳೆಯದೇ? ಇಲ್ಲ. ಇಲ್ಲಿಯೇ ತೀರ್ಪು ಕೊಡುವವರು ಎಚ್ಚರದಿಂದಿರಬೇಕು.

ಸ್ಪೀಲ್‌ಬರ್ಗ್ ಅವರ ‘ಸೇವಿಂಗ್ ಪ್ರೈವೇಟ್ ರಯಾನ್’ (1998) ನೋಡಿ. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಸೈನಿಕರು ಇಳಿಯುವ ದೃಶ್ಯ. ಬಣ್ಣ ಬಿಳಿಚಿಕೊಂಡಿದೆ, ಚಲನೆ ಎಗರೆಗರಿ ಬೀಳುತ್ತದೆ. ಇದು ಡಿಸ್ಕಿನ ತಪ್ಪಲ್ಲ. ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ ಲೆನ್ಸುಗಳ ಮೇಲಿನ ರಕ್ಷಣಾ ಲೇಪವನ್ನು ತೆಗೆಸಿ, ಹಳೆಯ ಕ್ಯಾಮೆರಾದ ನೋಟ ತಂದರು. ರೀಲು ಸಂಸ್ಕರಿಸುವಾಗ ಬಣ್ಣವನ್ನು ಇಳಿಸಿದರು. ಸಾಮಾನ್ಯವಾಗಿ ಕ್ಯಾಮೆರಾದ ಷಟರ್ ಒಂದೊಂದು ಚಿತ್ರಕ್ಕೆ ಸೆಕೆಂಡಿನ 48ನೇ ಒಂದು ಭಾಗ ತೆರೆದಿರುತ್ತದೆ. ಅವರು ಅದನ್ನು 96ನೇ, 192ನೇ ಒಂದು ಭಾಗಕ್ಕೆ ಇಳಿಸಿದರು. ಇದರಿಂದ ಸಿಡಿದ ಮಣ್ಣು ಮೋಡದಂತೆ ಕಲೆಸಿಹೋಗದೆ ಹೆಂಟೆ ಹೆಂಟೆಯಾಗಿ ಕಾಣುತ್ತದೆ. ನೋಡುವವನ ಎದೆ ಝಲ್ಲೆನ್ನುವುದು ಅದಕ್ಕೇ.

ಈ ಸಿನಿಮಾವನ್ನು ಇಂದಿನ ಟಿ.ವಿ.ಯಲ್ಲಿ ಅಂಗಡಿಯಿಂದ ಬಂದ ಸೆಟ್ಟಿಂಗಿನಲ್ಲೇ ಹಾಕಿದರೆ ಅನೇಕ ಸೆಟ್ಟುಗಳು ಎರಡು ಅನಾಹುತ ಮಾಡುತ್ತವೆ. ಬಣ್ಣ ಏರಿಸುತ್ತವೆ, ಚಿತ್ರ ಚಿತ್ರದ ನಡುವೆ ತಾವೇ ಕಲ್ಪಿಸಿದ ಚಿತ್ರ ಸೇರಿಸಿ ಚಲನೆಯನ್ನು ಎಣ್ಣೆ ಹಚ್ಚಿದಂತೆ ನಯಗೊಳಿಸುತ್ತವೆ. ಆಗ ಸಾವಿನ ದಡ ಕ್ರಿಕೆಟ್ ಮ್ಯಾಚಿನಂತೆ ಕಾಣುತ್ತದೆ. ತಂತ್ರಜ್ಞರು ಕಷ್ಟಪಟ್ಟು ತಂದ ಒರಟುತನವನ್ನು ನಾವು ರಿಮೋಟಿನ ಒಂದು ಗುಂಡಿಯಿಂದ ಅಳಿಸಿಬಿಡುತ್ತೇವೆ. ಯುದ್ಧದ ಭಯವೂ ಅದರ ಜತೆಗೇ ಅಳಿಸಿಹೋಗುತ್ತದೆ. ಯುದ್ಧ ಆಟದಂತೆ ಕಾಣತೊಡಗುವುದು ಸಣ್ಣ ಮಾತಲ್ಲ.

ಇದಕ್ಕೆ ಪೂರಾ ವಿರುದ್ಧವಾದ ಇನ್ನೊಂದು ಮಾಸಲು ಇದೆ. ಎಪ್ಪತ್ತರ ದಶಕದ ಈಸ್ಟ್‌ಮನ್ ಮಾದರಿಯ ವರ್ಣ ಪ್ರಿಂಟುಗಳಲ್ಲಿ ಬಣ್ಣಗಳು ಸಮನಾಗಿ ಬಾಳುವುದಿಲ್ಲ. ನೀಲಿ-ಹಸಿರು ಬಣ್ಣ ಬೇಗ ಹಾರಿಹೋಗಿ ಚಿತ್ರವೆಲ್ಲ ಕೆಂಪು-ಗುಲಾಬಿಗೆ ತಿರುಗುತ್ತದೆ. ಹಳೆಯ ಕನ್ನಡ ಸಿನಿಮಾಗಳಲ್ಲಿ ಆಕಾಶವೂ ಕುಂಕುಮ, ಗಿಡವೂ ಕುಂಕುಮ ಆಗಿರುವುದನ್ನು ನೀವು ನೋಡಿಯೇ ಇರುತ್ತೀರಿ. ‘ಹಳೇ ಸಿನಿಮಾ ಹಂಗೇ ಇರ್ತಾವ ಬಿಡ್ರಿ’ ಎನ್ನುತ್ತೇವೆ. ಬಿಡುಗಡೆಯಾದ ದಿನ ಅವು ಹಾಗಿರಲಿಲ್ಲ. ಮೊದಲನೆಯದು ಕಲಾವಿದನ ಇಚ್ಛೆ, ಎರಡನೆಯದು ನಮ್ಮ ಅಲಕ್ಷ್ಯ. ಇವೆರಡನ್ನೂ ಬೇರ್ಪಡಿಸಿ ನೋಡಬಲ್ಲವನೇ ಚಿತ್ರದ ಗುಣಮಟ್ಟ ಬಲ್ಲವನು.

ನಮ್ಮ ಪಾಲಿನ ಪ್ರಶ್ನೆ

ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990) ಕನ್ನಡದಲ್ಲಿ ಆಧುನಿಕ ಯುದ್ಧದ ಕಥೆ ಹೇಳಿದ ಅಪರೂಪದ ಚಿತ್ರ. ವಿಷ್ಣುವರ್ಧನ್ ಕೊಡಗಿನ ಯೋಧ, ಸುಹಾಸಿನಿ ಅವರ ಪತ್ನಿ. ಒಂದು ಕಡೆ ಕೊಡಗಿನ ಹಸಿರು, ಇನ್ನೊಂದು ಕಡೆ ಹಿಮದ ಬಿಳುಪು. ಹಿಮ ಕಠಿಣ ಪರೀಕ್ಷೆ. ಕೆಟ್ಟ ಪ್ರತಿಯಲ್ಲಿ ಅದು ಸುಣ್ಣ ಬಳಿದ ಗೋಡೆ. ಒಳ್ಳೆಯ ಪ್ರತಿಯಲ್ಲಿ ಹೆಜ್ಜೆಯ ಗುರುತು, ಉಬ್ಬು ತಗ್ಗು, ನೆರಳು ಎಲ್ಲ ಕಾಣುತ್ತವೆ. ಆ ಹೆಜ್ಜೆ ಕಾಣದಿದ್ದರೆ ಯೋಧ ಪಟ್ಟ ಪಾಡೂ ಕಾಣುವುದಿಲ್ಲ.

ಹಳೆಯ ಕನ್ನಡ ಚಿತ್ರಗಳನ್ನು ಹೊಸ ತಂತ್ರಕ್ಕೆ ತರುವುದು ಆಗದ ಕೆಲಸವೇನಲ್ಲ. 1965ರ ಕಪ್ಪು-ಬಿಳುಪಿನ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತುಂಬಿಕೊಂಡು ಚಿತ್ರಮಂದಿರಕ್ಕೆ ಬಂತು. ಹಳೆಯದಕ್ಕೆ ಹೊಸ ಬಣ್ಣ ಬಳಿಯಬೇಕೇ ಎಂಬ ತಕರಾರು ಇದ್ದದ್ದೇ. ಆದರೆ ಇದ್ದದ್ದನ್ನು ಇದ್ದ ಹಾಗೆ ಉಳಿಸುವ ದಾರಿಯೂ ಇದೆ. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಒಂದು ಕನ್ನಡ ಚಿತ್ರಕ್ಕೆ ಆದದ್ದು ಇನ್ನೊಂದಕ್ಕೂ ಆಗಬಹುದು. ಅದಕ್ಕೆ ದುಡ್ಡು ಬೇಕು, ನೆಗೆಟಿವ್ ಉಳಿದಿರಬೇಕು. ಎಲ್ಲಕ್ಕಿಂತ ಮೊದಲು ಕೇಳುವ ಜನ ಬೇಕು. ವ್ಯತ್ಯಾಸವೇ ತಿಳಿಯದ ನೋಡುಗ ಕೇಳುವುದಾದರೂ ಏನನ್ನು? ‘ಪ್ಯಾಟನ್’ ಎರಡನೇ ಸಲ ಸರಿಯಾಗಿ ಬಂದದ್ದು ನೋಡುಗರು ಸುಮ್ಮನಿರದೇ ಇದ್ದುದರಿಂದ.

ಆದ್ದರಿಂದ ಮನೆಯಲ್ಲಿ ಯುದ್ಧದ ಸಿನಿಮಾ ಹಾಕುವ ಮುನ್ನ ಕೆಲವು ಕೆಲಸ ಮಾಡಿ. ಟಿ.ವಿ.ಯ ಸೆಟ್ಟಿಂಗಿನಲ್ಲಿ ‘ವಿವಿಡ್’ ಬಿಟ್ಟು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಆಯ್ದುಕೊಳ್ಳಿ. ಶಾರ್ಪ್‌ನೆಸ್ ಇಳಿಸಿ, ಚಲನೆ ನಯಗೊಳಿಸುವ ಗುಂಡಿ ಆರಿಸಿ. ಹೊಗೆ, ಧೂಳು ಎದ್ದಾಗ ಚಿತ್ರ ಚೌಕವಾಗಿ ಒಡೆಯುತ್ತದೆಯೇ ನೋಡಿ. ಹತ್ತಿರದ ಮುಖದಲ್ಲಿ ಬೆವರು, ಸುಕ್ಕು ಉಳಿದಿವೆಯೇ ನೋಡಿ. ಕತ್ತಲೊಳಗೂ ಬಿಳುಪಿನೊಳಗೂ ವಿವರ ಇದೆಯೇ ನೋಡಿ. ಇವು ಸರಿಯಿದ್ದ ಮೇಲೂ ಬಣ್ಣ ಮಾಸಿದ್ದರೆ, ಅದು ಮಾಡಿದವರ ಇಚ್ಛೆಯೋ ಕಾಲದ ಹೊಡೆತವೋ ಎಂದು ವಿಚಾರಿಸಿ.

ಕುಮಾರರಾಮನ ಕಾಳಗವನ್ನು ಅಕ್ಷರದಲ್ಲಿ ಬರೆದವರು ಪದ ತಪ್ಪದಂತೆ ಓಲೆಗರಿಯಿಂದ ಓಲೆಗರಿಗೆ ಪ್ರತಿ ಮಾಡಿಕೊಂಡು ಬಂದದ್ದರಿಂದ ಅದು ನಮಗೆ ಸಿಕ್ಕಿತು. ಸಿನಿಮಾ ನಮ್ಮ ಕಾಲದ ಓಲೆಗರಿ. ಅದರ ಪ್ರತಿಯೂ ತಪ್ಪಿಲ್ಲದೆ ಮುಂದಿನವರ ಕೈಸೇರಬೇಕು. ತಪ್ಪು ಎಲ್ಲಿದೆ ಎಂದು ಗುರುತಿಸುವ ಕಣ್ಣು ನಮ್ಮ ಮನೆಗಳಲ್ಲೇ ತಯಾರಾಗಲಿ ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.